ಗಟ್ಟಿಮೇಳದ ಹೊತ್ತಿಗೆ ಫ್ಲ್ಯಾಶ್ ರೆಡಿ ಇರಬೇಕಾದರೆ: ಬ್ಯಾಟರಿ ಪ್ಯಾಕ್ ಕೊಳ್ಳುವ ಮುಂಚೆ

ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಅಂದರೆ ಸಾಕು, ಓಲಗದವರು ಜೋರಾಗಿ ಊದಲು ಶುರು ಮಾಡುತ್ತಾರೆ. ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಹುಡುಗ ಬಗ್ಗಿ ತಾಳಿ ಕಟ್ಟುತ್ತಾನೆ. ಎಲ್ಲ ಸೇರಿ ಅರ್ಧ ನಿಮಿಷ. ಅಷ್ಟರಲ್ಲಿ ಫೋಟೊಗ್ರಾಫರ್‌ಗೆ ಹದಿನೈದಿಪ್ಪತ್ತು ಫ್ರೇಮ್ ಬೇಕು: ಒಂದೊಂದು ಗಂಟು, ಹುಡುಗಿಯ ಮುಖ, ಹಿಂದೆ ನಿಂತ ತಾಯಿಯ ಕಣ್ಣು, ಗಾಳಿಯಲ್ಲಿರುವ ಅಕ್ಷತೆ ಕಾಳು. ಫ್ಲ್ಯಾಶ್ ಫುಲ್ ಪವರ್‌ನಲ್ಲಿ ಹೊಡೆಯುತ್ತಿದ್ದು, ಒಳಗಿನ ಸೆಲ್ ಅರ್ಧ ಇಳಿದಿದ್ದರೆ, ಒಂದು ಹೊಡೆದ ಮೇಲೆ ಮುಂದಿನದಕ್ಕೆ ನಾಲ್ಕೈದು ಸೆಕೆಂಡ್ ಕಾಯಬೇಕು. ಆ ಗ್ಯಾಪ್‌ನಲ್ಲಿ ಕ್ಲಿಕ್ ಮಾಡಿದ್ದೆಲ್ಲ ಕಪ್ಪು.

ಅದಕ್ಕೇ ಮೈಸೂರು, ಮಂಡ್ಯ ಕಡೆ ಮದುವೆ ತೆಗೆಯುವ ಹುಡುಗರು ಸೀಸನ್‌ಗೆ ಮುಂಚೆ ಕೇಳುತ್ತಾರೆ: ‘ಅಣ್ಣ, ಯಾವ ಬ್ಯಾಟರಿ ಪ್ಯಾಕ್ ತಗೊಳ್ಳಲಿ?’ ಫ್ಲ್ಯಾಶ್‌ಗೆ ಹೊರಗಿನಿಂದ ಕೇಬಲ್‌ನಲ್ಲಿ ಪವರ್ ಕೊಡುವ ಬ್ಯಾಟರಿ ಡಬ್ಬಿ ಅದು. ನಾನು ಮೊದಲು ತಿರುಗಿ ಕೇಳುವುದು, ನಿಮ್ಮ ಫ್ಲ್ಯಾಶ್ ಯಾವ ಪವರ್‌ನಲ್ಲಿ ಹೊಡೆಯುತ್ತಿದೆ ಅಂತ. ಬಹಳ ಜನಕ್ಕೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ. ಪ್ಯಾಕ್ ಬೇಕೋ ಬೇಡವೋ ಅನ್ನುವುದು ಈ ಉತ್ತರದ ಮೇಲೇ ನಿಂತಿದೆ.

ಫ್ಲ್ಯಾಶ್ ಒಳಗೆ ನಡೆಯುವುದು ಇಷ್ಟು. ನಾಲ್ಕು ಎಎ ಸೆಲ್‌ಗಳ ಐದಾರು ವೋಲ್ಟನ್ನು ಒಳಗಿನ ಸರ್ಕ್ಯೂಟ್ 300 ವೋಲ್ಟ್ ದಾಟಿಸಿ ಕೆಪಾಸಿಟರ್‌ಗೆ ತುಂಬುತ್ತದೆ. ಕ್ಲಿಕ್ ಆದಾಗ ಆ ಚಾರ್ಜ್ ಟ್ಯೂಬ್ ಮೂಲಕ ಒಂದೇ ಏಟಿಗೆ ಹರಿದು ಬೆಳಕಾಗುತ್ತದೆ. ಕೆಪಾಸಿಟರನ್ನು ಮನೆ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ, ಬ್ಯಾಟರಿಯನ್ನು ಅದಕ್ಕೆ ನೀರೆತ್ತುವ ಮೋಟರ್ ಅಂದುಕೊಳ್ಳಿ. ಹೊರಗಿನ ಪ್ಯಾಕ್ ಅಂದರೆ ದೊಡ್ಡ ಮೋಟರ್, ಟ್ಯಾಂಕ್ ಮಾತ್ರ ಅದೇ. ಹಾಗಾಗಿ ಪ್ಯಾಕ್ ಹಾಕಿದರೆ ಬೆಳಕು ಜಾಸ್ತಿ ಆಗುವುದಿಲ್ಲ. ಬೇಗ ತುಂಬುತ್ತದೆ, ಹೆಚ್ಚು ಸಲ ತುಂಬುತ್ತದೆ, ಅಷ್ಟೇ. ಛತ್ರದ ಮೂಲೆ ಕತ್ತಲಾಗಿದೆ ಅಂತ ಪ್ಯಾಕ್ ತಂದರೆ ಮೂಲೆ ಕತ್ತಲಾಗಿಯೇ ಇರುತ್ತದೆ.

ಈಗ ಪವರ್ ವಿಷಯ. ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯುವ ಸಂವೇದನೆ) ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಏರಿಸಿದರೆ ಫ್ಲ್ಯಾಶ್‌ಗೆ ಅರ್ಧ ಪವರ್ ಸಾಕು. 400ರಲ್ಲಿ ಫುಲ್ ಪವರ್ ಕೇಳುತ್ತಿದ್ದ ಫ್ರೇಮ್‌ಗೆ 1600ರಲ್ಲಿ ಕಾಲು ಭಾಗ ಸಾಕು. ಕಾಲು ಪವರ್ ಅಂದರೆ ರೀಸೈಕಲ್ ಸಮಯವೂ (ಮತ್ತೆ ತುಂಬಲು ಹಿಡಿಯುವ ಹೊತ್ತು) ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ, ಒಂದು ಸೆಟ್ ಸೆಲ್‌ನಲ್ಲಿ ನಾಲ್ಕು ಪಟ್ಟು ಫೋಟೊ ಬರುತ್ತದೆ. ಈಗಿನ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ 1600 ಅಂದರೆ ಹೆದರುವಂಥದ್ದೇನಲ್ಲ, ಆಲ್ಬಂ ಪ್ರಿಂಟ್‌ನಲ್ಲಿ ನಾಯ್ಸ್ ಕಾಣುವುದಿಲ್ಲ. ಆದರೂ ಹಳೇ ಅಭ್ಯಾಸಕ್ಕೆ 400ರಲ್ಲೇ ಇಟ್ಟು, ಸುಮ್ನೆ ಫ್ಲ್ಯಾಶನ್ನು ದಣಿಸುವವರು ಇದ್ದಾರೆ. ಅವರಿಗೆ ಪ್ಯಾಕ್ ಬೇಕಿಲ್ಲ, ಐಎಸ್ಒ ಡಯಲ್ ತಿರುಗಿಸಿದರೆ ಸಾಕು.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಹೊಸ ಕನ್ವೆನ್ಷನ್ ಹಾಲ್‌ಗಳಲ್ಲಿ ಬಿಳಿ ಸೀಲಿಂಗ್ ಹತ್ತು ಹನ್ನೆರಡು ಅಡಿಯಲ್ಲಿದ್ದರೆ ಬೌನ್ಸ್ ಮಾಡಿ (ಫ್ಲ್ಯಾಶನ್ನು ಸೀಲಿಂಗ್‌ಗೆ ತಿರುಗಿಸಿ, ಅಲ್ಲಿಂದ ಬೆಳಕು ಕೆಳಗೆ ಬೀಳುವ ಹಾಗೆ) ಆರಾಮಾಗಿ ಕೆಲಸ ಮಾಡಬಹುದು. ಹಳೇ ಕಲ್ಯಾಣ ಮಂಟಪಗಳಲ್ಲಿ ಚಾವಣಿ ಎತ್ತರ, ಕೆಲವು ಕಡೆ ಹಸಿರೋ ನೀಲಿಯೋ ಬಣ್ಣ ಬಳಿದಿರುತ್ತಾರೆ. ಬೌನ್ಸ್ ಮಾಡಿದರೆ ಬೆಳಕು ಹೋಗಿ ಬರುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಸೋರಿರುತ್ತದೆ, ಬಂದದ್ದಕ್ಕೂ ಬಣ್ಣ ಮೆತ್ತಿರುತ್ತದೆ. ಇನ್ನು ಮಂಡ್ಯ, ಮದ್ದೂರು, ಪಾಂಡವಪುರದ ಹಳ್ಳಿ ಕಡೆ ಮನೆ ಮುಂದಿನ ಚಪ್ಪರದಲ್ಲಿ ಶಾಸ್ತ್ರ ನಡೆದರೆ ಮೇಲೆ ಇರುವುದು ತೆಂಗಿನ ಗರಿ. ಅದು ಬೆಳಕನ್ನು ಪೂರ್ತಿ ನುಂಗುತ್ತದೆ. ಅಲ್ಲಿ ಫ್ಲ್ಯಾಶನ್ನು ಸ್ಟ್ಯಾಂಡ್ ಮೇಲೆ ಛತ್ರಿ ಹಾಕಿ ನಿಲ್ಲಿಸಬೇಕು, ಛತ್ರಿಯೂ ಒಂದೆರಡು ಸ್ಟಾಪ್ ತಿನ್ನುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕಾವೇರಿ ದಂಡೆಯ ಪ್ರೀವೆಡ್ಡಿಂಗ್ ಆದರೆ ತೀರಾ ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಸುವ ಹೈ ಸ್ಪೀಡ್ ಸಿಂಕ್ ಬೇಕು, ಅದಂತೂ ಪವರ್ ಕುಡಿದುಬಿಡುತ್ತದೆ. ಚಪ್ಪರ, ಬಿಸಿಲು, ಎರಡು ಮೂರು ಗಂಟೆ ಬಿಡುವಿಲ್ಲದೆ ಸಾಲು ನಿಲ್ಲುವ ಆರತಕ್ಷತೆ. ಈ ಮೂರು ನಿಮ್ಮ ಕೆಲಸದಲ್ಲಿ ಜಾಸ್ತಿ ಇದ್ದರೆ ಪ್ಯಾಕ್ ಬಗ್ಗೆ ಮುಂದೆ ಓದಿ.

ಮೊದಲು ಫ್ಲ್ಯಾಶ್‌ನ ಪಕ್ಕದಲ್ಲೋ ಮುಂದೆಯೋ ಇರುವ ಚಿಕ್ಕ ಮುಚ್ಚಳ ತೆಗೆದು ನೋಡಿ. ಒಳಗೆ ಹೊರಗಿನ ಪ್ಯಾಕ್‌ನ ಪಿನ್ ಕೂರುವ ಸಾಕೆಟ್ ಇದೆಯಾ? ಕ್ಯಾನನ್ 580ಇಎಕ್ಸ್ 2, 600ಇಎಕ್ಸ್-ಆರ್‌ಟಿ, ನಿಕಾನ್ ಎಸ್‌ಬಿ-900, 910, 5000 ಇವುಗಳಲ್ಲಿ ಇದೆ. ಅವುಗಳ ತಮ್ಮಂದಿರಾದ ಕ್ಯಾನನ್ 430ಇಎಕ್ಸ್, ನಿಕಾನ್ ಎಸ್‌ಬಿ-700ರಲ್ಲಿ ಇಲ್ಲ. ಸಾಕೆಟ್ ಇಲ್ಲದಿದ್ದರೆ ಅಲ್ಲಿಗೆ ಮಾತು ಮುಗಿಯಿತು, ಏನು ಮಾಡಿದರೂ ಪ್ಯಾಕ್ ಹತ್ತುವುದಿಲ್ಲ. ಕ್ಯಾನನ್, ನಿಕಾನ್, ಸೋನಿ ಪಿನ್‌ಗಳು ಬೇರೆ ಬೇರೆ. ಹಾಗಾಗಿ ಪ್ಯಾಕ್ ಜೊತೆ ನಿಮ್ಮ ಫ್ಲ್ಯಾಶ್‌ನದೇ ಕೇಬಲ್ ಕೇಳಿ ತಗೊಳ್ಳಿ.

ಪ್ಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಎಎ ಸೆಲ್ ತುಂಬುವಂಥದ್ದು. ಕ್ಯಾನನ್ ಸಿಪಿ-ಇ4ಎನ್, ನಿಕಾನ್ ಎಸ್‌ಡಿ-9 ಈ ಜಾತಿಯವು, ಎಂಟು ಸೆಲ್ ಹಿಡಿಯುತ್ತವೆ. ಇನ್ನೊಂದು, ಗೋಡಾಕ್ಸ್ ಪಿಬಿ960 ತರಹದ ಲಿಥಿಯಂ ಪ್ಯಾಕ್. ಎರಡೂ ಕೆಪಾಸಿಟರ್‌ಗೆ ನೇರವಾಗಿ 300 ವೋಲ್ಟ್ ಆಸುಪಾಸಿನ ಕರೆಂಟ್ ಕೊಡುತ್ತವೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಪ್ಯಾಕ್ ಇದ್ದರೂ ಫ್ಲ್ಯಾಶ್ ಒಳಗೆ ಸೆಲ್ ಇರಲೇಬೇಕು. ಡಿಸ್‌ಪ್ಲೇ, ಜೂಮ್ ಮೋಟರ್, ರೇಡಿಯೊ ಎಲ್ಲ ನಡೆಯುವುದು ಒಳಗಿನ ಸೆಲ್‌ನಿಂದ. ಸೊಂಟದಲ್ಲಿ ಪ್ಯಾಕ್ ತುಂಬಿ ತುಳುಕುತ್ತಿದ್ದರೂ ಒಳಗಿನ ಸೆಲ್ ಸತ್ತರೆ ಫ್ಲ್ಯಾಶೂ ಸತ್ತ ಹಾಗೇ.

ಕೆಪ್ಯಾಸಿಟಿ ನೋಡುವಾಗ ಎಂಎಎಚ್ ನಂಬರ್‌ಗೆ ಮರುಳಾಗಬೇಡಿ. ವೋಲ್ಟ್ ಜೊತೆ ಗುಣಿಸಿ, ಸಾವಿರದಿಂದ ಭಾಗಿಸಿ ವ್ಯಾಟ್-ಅವರ್, ಅಂದರೆ ಒಳಗಿರುವ ಒಟ್ಟು ಶಕ್ತಿ, ತೆಗೆಯಿರಿ. 1.2 ವೋಲ್ಟ್‌ನ 2000 ಎಂಎಎಚ್ ಸೆಲ್ ನಾಲ್ಕು ಸೇರಿದರೆ 9.6 ವ್ಯಾಟ್-ಅವರ್. ಎಂಟು ಸೇರಿದರೆ 19.2. ಪಿಬಿ960ರ 11.1 ವೋಲ್ಟ್, 4500 ಎಂಎಎಚ್ ಅಂದರೆ ಸುಮಾರು 50. ಒಂದು ದೊಡ್ಡ ಫ್ಲ್ಯಾಶ್ ಫುಲ್ ಪವರ್‌ನಲ್ಲಿ ಒಂದು ಸಲಕ್ಕೆ ಸುಮಾರು 70 ಜೂಲ್ ಸುರಿಯುತ್ತದೆ. 9.6 ವ್ಯಾಟ್-ಅವರ್ ಅಂದರೆ 34 ಸಾವಿರ ಜೂಲ್ ಚಿಲ್ಲರೆ. ಭಾಗಿಸಿದರೆ ಐನೂರು ಸಲ ಹತ್ತಿರ ಬರುತ್ತದೆ. ಆದರೆ ವೋಲ್ಟ್ ಏರಿಸುವಾಗ ಬಹಳಷ್ಟು ಶಾಖವಾಗಿ ಹೋಗುತ್ತದೆ. ಕೈಗೆ ಸಿಗುವುದು ಇನ್ನೂರರ ಆಸುಪಾಸು. ಎರಡು ಸಾವಿರ ಜನದ ರಿಸೆಪ್ಶನ್‌ಗೆ ಇನ್ನೂರು ಎಲ್ಲಿ ಸಾಲುತ್ತದೆ, ಅಲ್ವಾ? ಅಲ್ಲಿ 50 ವ್ಯಾಟ್-ಅವರ್ ನಿಜಕ್ಕೂ ಉಸಿರು ಕೊಡುತ್ತದೆ.

ಮೊಬೈಲ್‌ನ 20,000 ಎಂಎಎಚ್ ಪವರ್ ಬ್ಯಾಂಕ್ ಹಾಕಬಹುದಾ ಅಂತಲೂ ಕೇಳುತ್ತಾರೆ. ಆಗುವುದಿಲ್ಲ. ಅದು ಸಾಮಾನ್ಯವಾಗಿ ಕೊಡುವುದು 5 ವೋಲ್ಟ್, ಆ ಸಾಕೆಟ್ ಕೇಳುವುದು 300. ಫ್ಲ್ಯಾಶ್ ಮೇಲಿನ ಯುಎಸ್‌ಬಿ ಕಿಂಡಿ ಬಹುತೇಕ ಫರ್ಮ್‌ವೇರ್‌ಗೆ, ಅಂದರೆ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್‌ಗೆ, ಇರುವುದು.

ನಾನು ಹೆಚ್ಚು ಒತ್ತಿ ಹೇಳಬೇಕಾದ್ದು ಬಿಸಿಯ ಬಗ್ಗೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಎಎ ಸೆಲ್ ನಿಧಾನವಾಗಿ ತುಂಬುವುದರಿಂದ ಟ್ಯೂಬ್‌ಗೆ ತಾನಾಗಿ ಬಿಡುವು ಸಿಗುತ್ತಿತ್ತು. ಪ್ಯಾಕ್ ಹಾಕಿದ ದಿನದಿಂದ ಆ ಬಿಡುವು ಹೋಗುತ್ತದೆ. ಸೆಕೆಂಡಿಗೊಂದು ಫುಲ್ ಪವರ್ ಹೊಡೆದರೆ ಮುಂದಿನ ಪ್ಲಾಸ್ಟಿಕ್ ಲೆನ್ಸ್ ಕಂದು ತಿರುಗಿ ಸೊಟ್ಟಗಾಗುತ್ತದೆ, ಕೊನೆಗೆ ಟ್ಯೂಬೇ ಹೋಗುತ್ತದೆ. ಕ್ಯಾನನ್ 580ಇಎಕ್ಸ್‌ನಂಥ ಫ್ಲ್ಯಾಶ್‌ಗಳ ಮ್ಯಾನ್ಯುಯಲ್‌ನಲ್ಲೇ 20 ಸಲ ಸತತ ಹೊಡೆದ ಮೇಲೆ ಕನಿಷ್ಠ 10 ನಿಮಿಷ ಬಿಡಿ ಅಂತ ಇದೆ. ಗೋಡಾಕ್ಸ್‌ನ ಹಲವು ಮಾಡೆಲ್‌ಗಳಿಗೆ ಫುಲ್ ಪವರ್‌ನಲ್ಲಿ 30 ಸಲ. ಬಿಸಿಗೆ ಕಂಪನಿಗಳು ದಾರಿ ಹುಡುಕಿದ ಕ್ರಮ ನೋಡಿದರೂ ಇದರ ತೂಕ ಗೊತ್ತಾಗುತ್ತದೆ. 2008ರ ನಿಕಾನ್ ಎಸ್‌ಬಿ-900 ತೀರಾ ಬಿಸಿಯಾದರೆ ಹೊಡೆಯುವುದನ್ನೇ ನಿಲ್ಲಿಸುತ್ತಿತ್ತು. 2011ರ ಎಸ್‌ಬಿ-910 ನಿಲ್ಲಿಸದೆ ರೀಸೈಕಲ್ ನಿಧಾನ ಮಾಡಿತು. 2016ರ ಎಸ್‌ಬಿ-5000ಕ್ಕೆ ಒಳಗೇ ಕೂಲಿಂಗ್ ವ್ಯವಸ್ಥೆ ಬಂತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಜಾಸ್ತಿ. ಮಂಡ್ಯದ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಫ್ಲ್ಯಾಶ್ ಮೊದಲೇ ಕಾದಿರುತ್ತದೆ. ಪ್ಯಾಕ್ ಇದ್ದರೂ ಅರ್ಧ ಪವರ್ ದಾಟಬೇಡಿ. ಸಾಲು ಉದ್ದ ಇದ್ದರೆ ಎರಡು ಫ್ಲ್ಯಾಶ್ ಒಟ್ಟಿಗೆ ಹೊಡೆಯಲಿ, ಎರಡರ ಮೇಲೂ ಅರ್ಧರ್ಧ ಹೊರೆ ಬೀಳುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಈಗ ಶುರು ಮಾಡುತ್ತಿರುವವರು, ಎಎ ಸೆಲ್‌ನ ಒಂದು ಫ್ಲ್ಯಾಶ್ ಇಟ್ಟುಕೊಂಡು ಅದಕ್ಕೆ ದುಬಾರಿ ಪ್ಯಾಕ್ ತರುವ ಬದಲು, ಒಳಗೇ ಲಿಥಿಯಂ ಬ್ಯಾಟರಿ ಇರುವ ಎರಡನೇ ಫ್ಲ್ಯಾಶ್ ತಗೊಳ್ಳಿ. ಗೋಡಾಕ್ಸ್ ವಿ1, ವಿ860 ಸಾಲಿನವು ಫುಲ್ ಪವರ್‌ನಲ್ಲೂ ಒಂದೂವರೆ ಸೆಕೆಂಡಿಗೆ ತುಂಬುತ್ತವೆ ಅಂತ ಕಂಪನಿ ಹೇಳುತ್ತದೆ. ಬ್ಯಾಟರಿ ಬದಲಿಸಲು ನಾಲ್ಕು ಸೆಲ್ ಉದುರಿಸಿ ಪ್ಲಸ್ ಮೈನಸ್ ನೋಡುತ್ತ ಕೂರಬೇಕಿಲ್ಲ, ಒಂದನ್ನು ಎಳೆದು ಇನ್ನೊಂದನ್ನು ತಳ್ಳಿದರೆ ಆಯಿತು. ಒಂದು ಕೈಕೊಟ್ಟರೆ ಇನ್ನೊಂದಿದೆ. ಪ್ಯಾಕ್ ಎಷ್ಟೇ ಒಳ್ಳೆಯದಿದ್ದರೂ ಫ್ಲ್ಯಾಶ್ ಒಂದೇ ಇದ್ದರೆ ಅದು ಹೋದ ಕ್ಷಣಕ್ಕೆ ನೀವು ಬರಿಗೈ. ಈಗಾಗಲೇ ಒಳ್ಳೆ ಫ್ಲ್ಯಾಶ್ ಎರಡಿದ್ದು, ಎರಡರಲ್ಲೂ ಸಾಕೆಟ್ ಇದ್ದವರಿಗೆ ಪ್ಯಾಕ್ ಲಾಭ. ಪಿಬಿ960ಕ್ಕೆ ಎರಡು ಔಟ್‌ಪುಟ್ ಇರುವುದರಿಂದ ಒಂದೇ ಪ್ಯಾಕ್ ಎರಡು ಫ್ಲ್ಯಾಶ್ ನಡೆಸುತ್ತದೆ.

ಎಎ ಸೆಲ್‌ನಲ್ಲೇ ಮುಂದುವರಿಯುವವರು ಅಂಗಡಿಯ ಆಲ್ಕಲೈನ್ ಬಿಟ್ಟು ಎನೆಲೂಪ್ ತರಹದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಆಲ್ಕಲೈನ್‌ಗೆ ಒಮ್ಮೆಗೇ ಅಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ, ಹೊಸದರಲ್ಲಿ ಚೆನ್ನಾಗಿದ್ದು ಬೇಗ ನಿಧಾನವಾಗುತ್ತದೆ. ನಾಲ್ಕು ನಾಲ್ಕು ಸೆಲ್‌ಗೆ ಒಂದೇ ಗುರುತು ಬರೆದು ಸೆಟ್ ಮಾಡಿ, ಸೆಟ್ ಬೆರಸಬೇಡಿ. ಒಂದು ಸೆಲ್ ಸುಸ್ತಾದರೆ ಉಳಿದ ಮೂರನ್ನೂ ಎಳೆದು ಕೂರಿಸುತ್ತದೆ.

ಪ್ಯಾಕ್ ಕೊಳ್ಳಲು ಹೋದಾಗ ಫ್ಲ್ಯಾಶ್ ಜೊತೆಗೆ ಒಯ್ಯಿರಿ. ಮ್ಯಾನ್ಯುಯಲ್ ಫುಲ್ ಪವರ್‌ಗೆ ಇಟ್ಟು ಹತ್ತು ಸಲ ಹೊಡೆದು ರೆಡಿ ಲೈಟ್ ಬರುವ ಹೊತ್ತು ಎಣಿಸಿ. ಹತ್ತನೆಯದು ಮೊದಲನೆಯದಷ್ಟೇ ಬೇಗ ಬರಬೇಕು. ಪ್ಲಗ್ ಹಾಕಿದ ಮೇಲೆ ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಈ ಸುರುಳಿ ವೈರ್‌ಗಳು ಪ್ಲಗ್‌ನ ಬುಡದಲ್ಲೇ ಮುರಿಯುತ್ತವೆ, ಅದಕ್ಕೆ ಸ್ಪೇರ್ ಕೇಬಲ್ ಸಿಗುತ್ತದಾ ಅಂತ ಮೊದಲೇ ಕೇಳಿ. ವೋಲ್ಟೂ ವ್ಯಾಟ್-ಅವರೂ ಬರೆಯದ ಹೆಸರಿಲ್ಲದ ಪ್ಯಾಕ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಹೊರ ರಾಜ್ಯದ ಮದುವೆಗೆ ವಿಮಾನದಲ್ಲಿ ಹೋಗುವವರು ಲಿಥಿಯಂ ಪ್ಯಾಕನ್ನು ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್‌ವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕಿಲ್ಲ. ಆ ಅಂಕಿ ಪ್ಯಾಕ್ ಮೇಲೆ ಅಚ್ಚಾಗಿದ್ದರೆ ಚೆಕಿಂಗ್‌ನಲ್ಲಿ ಮಾತು ಬೆಳೆಯುವುದಿಲ್ಲ.

ಈ ಕೇಬಲ್‌ನಲ್ಲಿ ಹರಿಯುವುದು 300 ವೋಲ್ಟ್, ಅದು ಮನೆ ಕರೆಂಟಿಗಿಂತ ಜಾಸ್ತಿ. ಫ್ಲ್ಯಾಶ್, ಪ್ಯಾಕ್ ಎರಡರ ಸ್ವಿಚ್ಚೂ ಆಫ್ ಮಾಡಿ ಕೇಬಲ್ ಸಿಕ್ಕಿಸಿ, ಆಮೇಲೆ ಆನ್ ಮಾಡಿ. ಧಾರೆ ನೀರು ಬಿದ್ದ ಒದ್ದೆ ಕೈಯಲ್ಲಿ ಪಿನ್ ಮುಟ್ಟಬೇಡಿ. ಸ್ಟ್ಯಾಂಡ್ ಮೇಲಿನ ಫ್ಲ್ಯಾಶ್‌ಗಾದರೆ ಪ್ಯಾಕನ್ನು ಸ್ಟ್ಯಾಂಡ್‌ನ ಬುಡಕ್ಕೇ ಕಟ್ಟಿ, ತೂಕಕ್ಕೂ ಆಯಿತು, ಓಡಾಡುವ ಮಕ್ಕಳ ಕಾಲಿಗೆ ವೈರ್ ಸಿಕ್ಕುವುದೂ ತಪ್ಪಿತು. ಕೆಟ್ಟ ಫ್ಲ್ಯಾಶನ್ನು ಮನೆಯಲ್ಲಿ ಬಿಚ್ಚಬೇಡಿ. ಆಫ್ ಆಗಿದ್ದರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಪ್ರಾಣಕ್ಕೆ ಅಪಾಯ.

ಆಷಾಢ ಬಂತು ಅಂದರೆ ನಮಗೆ ಕೆಲಸ ಕಡಿಮೆ. ಜನ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ, ಛತ್ರಗಳು ಖಾಲಿ. ಬ್ಯಾಟರಿಗಳು ಹಾಳಾಗುವುದು ಇಂಥ ಬಿಡುವಿನಲ್ಲೇ. ಧನುರ್ಮಾಸದಲ್ಲೂ ಅದೇ ಕಥೆ. ಲಿಥಿಯಂ ಪ್ಯಾಕನ್ನು ಪೂರ್ತಿ ತುಂಬಿಯೂ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಅರ್ಧ ಚಾರ್ಜ್‌ನಲ್ಲಿ, ಕೇಬಲ್ ಬಿಚ್ಚಿ, ತಂಪು ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ನೋಡಿ. ಫ್ಲ್ಯಾಶ್ ಒಳಗಿನ ಎಎ ಸೆಲ್ ತೆಗೆದಿಡಿ. ಶ್ರಾವಣದ ಮೊದಲ ಮದುವೆಗೆ ಒಂದು ವಾರ ಮುಂಚೆ ಪ್ಯಾಕ್ ತುಂಬಿಸಿ ಮತ್ತೆ ಆ ಹತ್ತು ಸಲದ ಪರೀಕ್ಷೆ ಮಾಡಿ. ಕೆಪಾಸಿಟರ್‌ಗೂ ಅದು ಒಳ್ಳೆಯದು, ಬಹಳ ದಿನ ಸುಮ್ನೆ ಇದ್ದದ್ದು ಹಳೇ ಹದಕ್ಕೆ ಬರಲು ನಾಲ್ಕಾರು ಸಲ ಹೊಡೆಯಬೇಕಾಗುತ್ತದೆ. ಪ್ಯಾಕ್ ಉಬ್ಬಿದ್ದು ಕಂಡರೆ ಚಾರ್ಜ್‌ಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.