‘ಮಗುವಿಗೇನು ಗೊತ್ತಾಗುತ್ತದೆ?’

ಸಾವಾದ ಮನೆಯಲ್ಲಿ ಐದು ವರ್ಷದ ಮಗು ಒಂದು ಗಳಿಗೆ ಅಮ್ಮನ ಮಡಿಲಲ್ಲಿ ಬಿಕ್ಕುತ್ತದೆ. ಮರುಗಳಿಗೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ರೈಲು ಓಡಿಸುತ್ತದೆ. ‘ಪಾಪ, ಅದಕ್ಕೇನು ಗೊತ್ತಾಗುತ್ತದೆ’ ಎಂದು ಬಂದವರು ಮರುಗುತ್ತಾರೆ. ಒಂದು ಕಾಲದಲ್ಲಿ ಪಂಡಿತರ ಮಾತೂ ಹೆಚ್ಚುಕಡಿಮೆ ಹೀಗೇ ಇತ್ತು.

ದುಃಖದ ಭಾರ ಹೊರುವಷ್ಟು ಮಗುವಿನ ಮನಸ್ಸು ಬಲಿತಿರುವುದಿಲ್ಲ ಎಂದು ಮನೋವಿಶ್ಲೇಷಕಿ ಹೆಲೆನ್ ಡಾಯ್ಚ್ 1937ರಲ್ಲಿ ಬರೆದರು. ಅಳದೆ ಉಳಿದ ದುಃಖ ಮುಂದೆ ಬೇರೆ ವೇಷದಲ್ಲಿ ಹೊರಬರುತ್ತದೆ ಎಂಬ ಎಚ್ಚರಿಕೆಯೂ ಅದೇ ಬರಹದಲ್ಲಿತ್ತು.

ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ ಮಕ್ಕಳನ್ನೇ ಕೇಳಿದರು. 1948ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಐದರೊಳಗಿನ ಮಕ್ಕಳಿಗೆ ಸಾವೆಂದರೆ ನಿದ್ದೆ ಅಥವಾ ಪ್ರಯಾಣ, ಹೋದವರು ಮರಳಬಹುದು. ಅಂಥ ಮಗುವಿಗೆ ‘ಅಜ್ಜ ಮಲಗಿದ್ದಾರೆ’ ಎಂದು ಹೇಳಿದರೆ ಅದು ರಾತ್ರಿ ಕಣ್ಣು ಮುಚ್ಚಲು ಹೆದರೀತು. ‘ದೂರದ ಊರಿಗೆ ಹೋದರು’ ಎಂದರೆ ಬಾಗಿಲು ಕಾಯುತ್ತಾ ಕೂರುತ್ತದೆ. ಸುಳ್ಳು ಹೇಳುವವರ ಮನಸ್ಸು ಒಳ್ಳೆಯದೇ. ಪೆಟ್ಟು ತಿನ್ನುವುದು ಮಾತ್ರ ಮಗು.

ಎಳೆಯ ಮಕ್ಕಳೂ ಶೋಕಿಸುತ್ತವೆ ಎಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1960ರಲ್ಲಿ ವಾದಿಸಿದಾಗ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಸೇರಿದಂತೆ ಹಲವರು ಒಪ್ಪಲಿಲ್ಲ. ಆ ಜಗಳ ಬಹುಕಾಲ ನಡೆಯಿತು.

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1982ರಲ್ಲಿ ತಮ್ಮವರನ್ನು ಕಳೆದುಕೊಂಡ ಮಕ್ಕಳಿಗೆ ಆಸರೆಯಾಗುವ ಡಗಿ ಸೆಂಟರ್ ಆರಂಭವಾಯಿತು. ಮೆದುಳಿನ ಗಡ್ಡೆಯಿಂದ ತೀರಿಕೊಂಡ ಹುಡುಗನೊಬ್ಬನ ಹೆಸರು ಅದಕ್ಕಿದೆ. ಅಲ್ಲಿ ಗೋಡೆಗೆ ಮೆತ್ತೆ ಹೊದಿಸಿದ ‘ಜ್ವಾಲಾಮುಖಿ ಕೋಣೆ’ಯಿದೆ. ಸಿಟ್ಟು ಉಕ್ಕಿದ ಮಗು ಅಲ್ಲಿ ಗುದ್ದಬಹುದು, ಕಿರುಚಬಹುದು, ‘ಅಳಬೇಡ’ ಎನ್ನುವವರಿಲ್ಲ. ಮಕ್ಕಳು ಒಂದೆಡೆ ಸೇರಿದ ಹೊತ್ತಿಗೆ ದೊಡ್ಡವರು ಇನ್ನೊಂದು ಕೋಣೆಯಲ್ಲಿ ತಮ್ಮಂಥವರೊಡನೆ ಕೂರುತ್ತಾರೆ.

ದೊಡ್ಡವರಿಗೂ ಒಂದು ಕೋಣೆ ಇಟ್ಟಿದ್ದೇ ಜಾಣತನ ಎಂದು ನನ್ನ ಲೆಕ್ಕ. ಅಮೆರಿಕದ ಸಂಶೋಧಕರಾದ ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡನ್ ಅವರು ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 70 ಕುಟುಂಬಗಳ 125 ಮಕ್ಕಳನ್ನು ಎರಡು ವರ್ಷ ಗಮನಿಸಿದ್ದರು. ಮಗು ಚೇತರಿಸಿಕೊಳ್ಳುವುದು ಉಳಿದ ಪೋಷಕರು ಹೇಗಿದ್ದಾರೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿತ್ತು. ಅಡುಗೆ, ಶಾಲೆ, ಮಲಗುವ ಹೊತ್ತು ತಪ್ಪದಂತೆ ನೋಡಿಕೊಳ್ಳುವ ನೆಂಟರು ಮಗುವಿನ ದುಃಖಕ್ಕೇ ಹೆಗಲು ಕೊಟ್ಟಂತೆ.

ಅದೇ ಅಧ್ಯಯನ ಇನ್ನೊಂದು ಹಳೆಯ ಸಲಹೆಯನ್ನೂ ಅಲುಗಾಡಿಸಿತು. ಹೋದವರನ್ನು ಮರೆತು ಮುಂದೆ ಸಾಗಬೇಕು ಎನ್ನಲಾಗುತ್ತಿತ್ತು. ಮಕ್ಕಳು ಮರೆಯಲಿಲ್ಲ: ಕನಸಿನಲ್ಲಿ ಮಾತಾಡಿಸಿದರು, ಅವರ ವಸ್ತುಗಳನ್ನು ಜೋಪಾನ ಮಾಡಿದರು. ಅಪ್ಪನ ಅಂಗಿ ತೊಟ್ಟು ಮಲಗುವ ಹುಡುಗಿಗೆ ಅದರ ತೋಳು ಮೊಣಕಾಲಿನವರೆಗೆ ಜೋತಾಡುತ್ತಿದ್ದರೆ, ಆ ಅಂಗಿಯನ್ನು ಒಗೆಯಲು ಕೇಳುವ ಮುನ್ನ ಒಂದು ದಿನ ಕಾಯಬಹುದು.