ಹೀಥ್ರೂದಿಂದ ಪ್ಯಾರಿಸ್‌ಗೆ ನಿಜವಾಗಿ ಎಷ್ಟು ಹೊತ್ತು?

ಪ್ರಶ್ನೆ: ಲಂಡನ್ನಿನ ಹೀಥ್ರೂದಿಂದ ಬೆಳಿಗ್ಗೆ 9ಕ್ಕೆ ಹೊರಡುವ ವಿಮಾನ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ 11.20ಕ್ಕೆ ತಲುಪುತ್ತದೆ ಎಂದು ಟಿಕೆಟ್‌ನಲ್ಲಿದೆ. ವಾಪಸು ಬರುವಾಗ 12ಕ್ಕೆ ಹೊರಟು 12.20ಕ್ಕೇ ಲಂಡನ್! ಇದು ಮುದ್ರಣದೋಷವೇ? ದೂರ ಎಷ್ಟು?

ಉತ್ತರ: ದೋಷವಲ್ಲ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯವನ್ನೇ ಹಾಕುತ್ತಾರೆ. ಪ್ಯಾರಿಸ್ ಲಂಡನ್ನಿಗಿಂತ ಒಂದು ಗಂಟೆ ಮುಂದಿದೆ; ಬೇಸಿಗೆಯಲ್ಲಿ ಎರಡೂ ಕಡೆ ಗಡಿಯಾರವನ್ನು ಒಟ್ಟಿಗೇ ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಈ ಅಂತರ ವರ್ಷವಿಡೀ ಬದಲಾಗುವುದಿಲ್ಲ. ಅಲ್ಲಿಗೆ ಹೋಗಲೂ ಬರಲೂ ಒಂದು ಗಂಟೆ ಇಪ್ಪತ್ತು ನಿಮಿಷ.

ಆದರೆ ನೇರ ದೂರ ಸುಮಾರು 350 ಕಿ.ಮೀ. ಮಾತ್ರ. ಗಂಟೆಗೆ 800 ಕಿ.ಮೀ. ವೇಗದ ಲೆಕ್ಕ ಹಿಡಿದರೆ ಅರ್ಧ ಗಂಟೆಯೂ ಬೇಡ. ಆ ವೇಗ ಇಲ್ಲಿ ಕೈಗೆ ಸಿಗುವುದೇ ಸ್ವಲ್ಪ ಹೊತ್ತು. ಹತ್ತು ಸಾವಿರ ಅಡಿಗಿಂತ ಕೆಳಗೆ ವೇಗದ ಮಿತಿ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ವಿಮಾನ ಮೇಲೇರಿ ಸಮತಟ್ಟಾಗಿ ಹಾರತೊಡಗುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ. ಆಕಾಶದಲ್ಲಿ ಕಳೆಯುವುದು ಮುಕ್ಕಾಲು ಗಂಟೆಯ ಆಸುಪಾಸು. ಉಳಿದದ್ದೆಲ್ಲ ನೆಲದ ಮೇಲಿನ ಓಡಾಟ ಮತ್ತು ಸರದಿಗಾಗಿ ಕಾಯುವುದು.

ಈ ಕಾಯುವಿಕೆಯನ್ನು ಹೀಥ್ರೂದಲ್ಲೇ ನೋಡಬೇಕು. ಇರುವುದು ಎರಡೇ ರನ್‌ವೇ, ಎರಡೂ ಸದಾ ಭರ್ತಿ. ಬಂದ ವಿಮಾನಗಳನ್ನು ಬೋವಿಂಗ್ಡನ್, ಲ್ಯಾಂಬರ್ನ್, ಆಕಮ್, ಬಿಗಿನ್ ಎಂಬ ನಾಲ್ಕು ಕಡೆ ಸುತ್ತು ಹಾಕಿಸುತ್ತಾರೆ. ಪ್ಯಾರಿಸ್ ಕಡೆಯಿಂದ ಬಂದವಕ್ಕೆ ಸಾಮಾನ್ಯವಾಗಿ ಆಗ್ನೇಯದ ಬಿಗಿನ್. ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ವಿಮಾನಗಳು ಗಿರಕಿ ಹೊಡೆಯುತ್ತವೆ. ಕೆಳಗಿನದು ಇಳಿಯಲು ಹೊರಟಾಗ ಮೇಲಿನವು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಇದನ್ನೆಲ್ಲ ಮೊದಲೇ ಊಹಿಸಿ ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಹತ್ತಿಪ್ಪತ್ತು ನಿಮಿಷ ಹೆಚ್ಚುವರಿಯಾಗಿ ಇಟ್ಟುಕೊಂಡಿರುತ್ತವೆ. ರಸ್ತೆ ಖಾಲಿ ಸಿಕ್ಕ ದಿನ 'ಬೇಗ ಬಂದೆವು' ಎಂದು ಘೋಷಿಸುವ ಸುಖವೂ ಅವರಿಗೇ.

ಅಂದಹಾಗೆ, ತಲುಪಿದ ಸಮಯ ಎಂದರೆ ಚಕ್ರ ನೆಲಕ್ಕೆ ತಾಗಿದ ಗಳಿಗೆಯಲ್ಲ. ವಿಳಂಬದ ಪರಿಹಾರ ಲೆಕ್ಕ ಹಾಕುವಾಗ ವಿಮಾನದ ಒಂದು ಬಾಗಿಲಾದರೂ ತೆರೆದ ಹೊತ್ತನ್ನೇ ಹಿಡಿಯಬೇಕೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿದೆ.

ಹಾಗಾದರೆ ವಿಮಾನವೇ ಸರಿಯೇ? ಬೆಂಗಳೂರಿಗೆ ಹೋಗುವ ವಿಮಾನವನ್ನು ಶಾರ್ಲ್ ದ ಗಾಲ್‌ನಲ್ಲಿ ಹಿಡಿಯಬೇಕಿದ್ದರೆ ಹೌದು. ಲಂಡನ್ ನಗರದಿಂದ ಪ್ಯಾರಿಸ್ ನಗರಕ್ಕೆ ಹೋಗುವವರಿಗೆ ನನ್ನ ಮತ ರೈಲಿಗೆ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಪ್ಯಾರಿಸ್ಸಿನ ಗಾರ್ ದು ನಾರ್ ನಿಲ್ದಾಣಕ್ಕೆ ಯೂರೋಸ್ಟಾರ್ ರೈಲು ಸುಮಾರು ಎರಡೂಕಾಲು ಗಂಟೆಯಲ್ಲಿ, ಊರಿನ ನಡುವೆಯೇ ಇಳಿಸುತ್ತದೆ. ವಿಮಾನ ನಿಲ್ದಾಣವಾದರೋ ಪ್ಯಾರಿಸ್ಸಿನಿಂದ 25 ಕಿ.ಮೀ. ಆಚೆ. ಪ್ಯಾರಿಸ್ ನಗರಕ್ಕೆ ಯಾವುದರಲ್ಲಿ ಹೋದರೂ ಭಾರತದ ಪಾಸ್‌ಪೋರ್ಟ್‌ನಲ್ಲಿ ಬರಿಯ ಬ್ರಿಟನ್ ವೀಸಾ ಇದ್ದರೆ ಸಾಲದು, ಫ್ರಾನ್ಸ್ ಸೇರಿದ ಷೆಂಗೆನ್ ದೇಶಗಳ ವೀಸಾ ಬೇರೆಯೇ ಬೇಕು. ರೈಲಿನವರನ್ನು ಫ್ರಾನ್ಸಿನ ಗಡಿ ಪೊಲೀಸರು ಸೇಂಟ್ ಪ್ಯಾಂಕ್ರಸ್‌ನಲ್ಲೇ ತಪಾಸಣೆ ಮಾಡುತ್ತಾರೆ.