ಹನ್ನೆರಡು ಗುಳ ಎಳೆಯುವ ಹಬೆ ಎಂಜಿನ್

ಹೊರೆ ಮಿತಿಮೀರಿದಾಗ ಟ್ರ್ಯಾಕ್ಟರಿನ ಕ್ಲಚ್ ಬಿಟ್ಟರೆ ಎಂಜಿನ್ ಗಕ್ಕನೆ ನಿಂತುಬಿಡುತ್ತದೆ. ಡೀಸೆಲ್ ಎಂಜಿನ್ನಿಗೆ ತಿರುಗುತ್ತಿದ್ದರೆ ಮಾತ್ರ ಬಲ. ಹಬೆ ಎಂಜಿನ್ ಹಾಗಲ್ಲ, ನಿಂತಲ್ಲೇ ಅದರ ಎಳೆತ ಅತಿ ಹೆಚ್ಚು.

ಅಮೆರಿಕದ ರೇಸೀನ್ ಊರಿನಲ್ಲಿ ಕೇಸ್ ಕಂಪನಿ ಸುಮಾರು ನೂರು ವರ್ಷದ ಹಿಂದೆ ತಯಾರಿಸಿದ ನೇಗಿಲು ಎಳೆಯುವ 110 ಅಶ್ವಶಕ್ತಿಯ ಹಬೆ ಎಂಜಿನ್ನನ್ನೇ ನೋಡಿ. ಇರುವುದು ಒಂದೇ ಸಿಲಿಂಡರ್: ವ್ಯಾಸ 12 ಇಂಚು, ಪಿಸ್ಟನ್ ಓಡಾಟವೂ 12 ಇಂಚು. ಪಿಸ್ಟನ್ನಿನ ಮುಖ 113 ಚದರ ಇಂಚಿನಷ್ಟು. ಚದರ ಇಂಚಿಗೆ 150 ಪೌಂಡ್ ಒತ್ತಡದ ಹಬೆ ಅದರ ಮೇಲೆ ಬಿದ್ದರೆ ಸುಮಾರು ಏಳೂಮುಕ್ಕಾಲು ಟನ್ ತಳ್ಳುಬಲ. ಪಿಸ್ಟನ್ನಿನ ಓಡಾಟವನ್ನು ಸುತ್ತಾಟವಾಗಿಸುವ ಕ್ರ್ಯಾಂಕಿನಲ್ಲಿ ಇದರ ತಿರುಗುಬಲ 11,000 ನ್ಯೂಟನ್ ಮೀಟರ್ ದಾಟುತ್ತದೆ; ನಮ್ಮ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಎಂಜಿನ್ನಿನಲ್ಲಿ ಸಿಗುವುದು 200ರ ಆಸುಪಾಸು. ಒಂದು ತೊಡಕುಂಟು. ಪಿಸ್ಟನ್ ತುತ್ತತುದಿಯಲ್ಲಿ ನಿಂತರೆ ಎಷ್ಟೇ ಹಬೆ ಬಿಟ್ಟರೂ ಕ್ರ್ಯಾಂಕ್ ತಿರುಗದು, ಫ್ಲೈವೀಲನ್ನು ಕೈಯಿಂದ ಸರಿಸಬೇಕು. ಪಳಗಿದ ಚಾಲಕ ಆ ಜಾಗ ತಪ್ಪಿಸಿಯೇ ಎಂಜಿನ್ ನಿಲ್ಲಿಸುತ್ತಾನೆ.

ಇನ್ನು ನೆಲದ ಲೆಕ್ಕ. 14 ಇಂಚಿನ ಒಂದು ಗುಳ ಆರಿಂಚು ಆಳಕ್ಕೆ ಇಳಿದರೆ 84 ಚದರ ಇಂಚು ಮಣ್ಣನ್ನು ಸೀಳಬೇಕು. ಸಾಧಾರಣ ಜೇಡಿ ಗೋಡು ಚದರ ಇಂಚಿಗೆ ಏಳೆಂಟು ಪೌಂಡ್ ತಡೆ ಒಡ್ಡುತ್ತದೆ. ಅಂದರೆ ಗುಳಕ್ಕೆ ಸುಮಾರು 290 ಕಿಲೋ, ಹನ್ನೆರಡಕ್ಕೆ ಮೂರೂವರೆ ಟನ್ ಎಳೆತ. ಸೆಕೆಂಡಿಗೆ ಒಂದು ಮೀಟರ್ ನಡೆದರೆ ಇದಕ್ಕೆ 47 ಅಶ್ವಶಕ್ತಿ ಬೇಕು. ಹದಿನೆಂಟು ಟನ್ನಿನ ತನ್ನ ಮೈಯನ್ನು ಹೊಲದಲ್ಲಿ ಉರುಳಿಸಲು ಇನ್ನೂ 20–30 ಅಶ್ವಶಕ್ತಿ ಹೋಗುತ್ತದೆ. ಹುಲ್ಲುಬೇರು ಹೆಣೆದ ಕನ್ನೆ ನೆಲದಲ್ಲಿ ಮಣ್ಣಿನ ತಡೆಯೇ ಇಮ್ಮಡಿ, ಅಲ್ಲಿ ಗುಳ ಕಡಿಮೆ ಮಾಡದೆ ಗತ್ಯಂತರವಿಲ್ಲ.

ಆದರೂ ಮೊದಲು ಸೋಲುವುದು ಪಿಸ್ಟನ್ ಅಲ್ಲ, ಗಾಲಿಯ ಹಿಡಿತ. ಏಳಡಿ ಎತ್ತರದ ಉಕ್ಕಿನ ಗಾಲಿಗೆ ಓರೆಯಾಗಿ ಪಟ್ಟಿಗಳಿರುತ್ತವೆ. ನೆಲ ಒದ್ದೆಯಾಗಿದ್ದರೆ ಅವೇ ಮಣ್ಣನ್ನು ಅಗೆದು ಗಾಲಿಯನ್ನು ಹೂತುಹಾಕುತ್ತವೆ. ಒಂದು ಸುತ್ತು ಜಾರಿದೊಡನೆ ಹಬೆ ಮುಚ್ಚಿ, ನೇಗಿಲು ಕಳಚಿ, ಗಾಲಿಯಡಿ ಮರದ ದಿಮ್ಮಿ ಕೊಡಬೇಕು. ಹಟಕ್ಕೆ ಬಿದ್ದು ತಿರುಗಿಸಿದರೆ ಎಂಜಿನ್ ಅಚ್ಚಿನವರೆಗೂ ಕೂರುತ್ತದೆ. ಇಂಗ್ಲೆಂಡಿನ ತೇವದ ಹೊಲಗಳಲ್ಲಿ ಜಾನ್ ಫೌಲರ್ ಎಂಬ ಎಂಜಿನಿಯರ್ ಎಂಜಿನ್ನನ್ನು ಹೊಲಕ್ಕೆ ಇಳಿಸಲೇ ಇಲ್ಲ, ಅಂಚಿನಲ್ಲಿ ನಿಲ್ಲಿಸಿ ಉಕ್ಕಿನ ಹಗ್ಗದಿಂದ ನೇಗಿಲು ಎಳೆಸಿದ. 1858ರಲ್ಲಿ ಈ ವಿಧಾನಕ್ಕೆ ರಾಯಲ್ ಕೃಷಿ ಸಂಘದ 500 ಪೌಂಡ್ ಬಹುಮಾನವೂ ಬಂತು. ಮಣ್ಣಿನ ಮಟ್ಟಿಗೆ ಅದೇ ಒಳ್ಳೆಯ ದಾರಿ.

ಅಮೆರಿಕದ ಬಯಲಿನ ನೇಗಿಲಿಗೆ ಒಂದು ಹಲಗೆ ಅಟ್ಟಣೆ, ಅದರ ಮೇಲೆ ಸಾಲಾಗಿ ಸನ್ನೆಗೋಲುಗಳು. ಹೊಲದ ಅಂಚು ಬಂದಾಗ ಉಳುವವ ಅಟ್ಟಣೆಯ ಮೇಲೆ ಅಡ್ಡಡ್ಡ ನಡೆಯುತ್ತಾ ಒಂದೊಂದನ್ನೇ ಎಳೆದು ಗುಳ ಎತ್ತುತ್ತಾನೆ. ಗುಳಗಳು ಓರೆ ಸಾಲಿನಲ್ಲಿರುವುದರಿಂದ ಮುಂದಿನದು ಮೊದಲು, ಹಿಂದಿನದು ಕೊನೆಗೆ. ಹಾಗಾದರೇ ಅಂಚು ನೇರವಾಗಿ ಬರುವುದು.

ನೀರಿನ ಹಸಿವೂ ದೊಡ್ಡದು. ಅಶ್ವಶಕ್ತಿಗೆ ಗಂಟೆಗೆ 14 ಕಿಲೋ ಎಂದರೂ 70 ಅಶ್ವಶಕ್ತಿಯ ದುಡಿಮೆಗೆ ಸಾವಿರ ಲೀಟರ್ ಬೇಕು, ಕುದುರೆ ಬಂಡಿಯಲ್ಲಿ ಟ್ಯಾಂಕ್ ತುಂಬಿ ತರುತ್ತಲೇ ಇರಬೇಕು. ಚೌಳು ನೀರಾದರೆ ಬಾಯ್ಲರಿನೊಳಗೆ ನೊರೆಯೆದ್ದು, ಹಬೆಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ನೀರು ಕುಗ್ಗದು, ಪಿಸ್ಟನ್ ಅದನ್ನು ಒತ್ತಿದರೆ ಸಿಲಿಂಡರಿನ ಮುಚ್ಚಳವೇ ಒಡೆಯುತ್ತದೆ. ಕೆಳಗಿನ ನಲ್ಲಿಗಳನ್ನು ತಕ್ಷಣ ತೆರೆಯಬೇಕು.

ಇಳಿಜಾರಂತೂ ಇನ್ನೂ ಅಪಾಯ. ಮುಂಭಾಗ ತಗ್ಗಿದರೆ ನೀರೆಲ್ಲ ಅತ್ತ ಹರಿದು, ಹಿಂದಿರುವ ಬೆಂಕಿಗೂಡಿನ ಮೇಲ್ತಗಡು ಬರಿದಾಗುತ್ತದೆ. ಅದಕ್ಕೆಂದೇ ಆ ತಗಡಿನಲ್ಲಿ ತವರ ತುಂಬಿದ ಬೆಣೆಯಿದೆ. 150 ಪೌಂಡ್ ಒತ್ತಡದಲ್ಲಿ ನೀರಿನ ಬಿಸಿ ಸುಮಾರು 186 ಡಿಗ್ರಿ ಸೆಲ್ಸಿಯಸ್, ತವರ ಕರಗುವುದು 232ಕ್ಕೆ. ನೀರು ಮುಚ್ಚಿರುವವರೆಗೆ ಬೆಣೆ ಗಟ್ಟಿ. ತಗಡು ಒಣಗಿದರೆ ತವರ ಕರಗಿ, ಹಬೆ ಬೆಂಕಿಯ ಮೇಲೆ ಭೋರ್ಗರೆದು ಚಾಲಕನನ್ನು ಎಚ್ಚರಿಸುತ್ತದೆ.